ನಾಲ್ಕು ಗಂಟೆಯ ಗೆರೆ

ಏಪ್ರಿಲ್ 9
ಭೂಕಂಪ ಮಾಪಕದ ನಿನ್ನೆಯ ಗೆರೆಗಳನ್ನು ನೋಡಿ ಮುಗಿಸಿದೆ. ಈ ಗ್ರೀನ್‌ಲ್ಯಾಂಡಿನ ನೆಲ ಒಂದು ದಿನವೂ ಸುಮ್ಮನಿರುವುದಿಲ್ಲ. ನಿಧಾನಕ್ಕೆ ತೂಗುವ ಗೆರೆ—ಹಿಮನದಿ ಮುರಿದದ್ದು. ಚೂಪಾದದ್ದು—ಬಂಡೆ ಜರುಗಿದ್ದು. ಅದರಂಥದೇ, ಆದರೆ ಸಂಜೆ ನಾಲ್ಕಕ್ಕೇ ಬರುವುದು—ನನ್ನ ತಮ್ಮ ಪಾವಿಯಾನ ನಾಯಿಗಳು. ಸೀಲ್ ಮಾಂಸ ಎಸೆದರೆ ಸಾಕು, ಹದಿನಾಲ್ಕೂ ಸರಪಳಿ ಜಗ್ಗಿ ಕುಣಿಯುತ್ತವೆ. ಪಕ್ಕದ ಶೆಡ್ಡಿನ ಮಾಪಕವೂ ಕುಣಿಯುತ್ತದೆ. ‘ನಾಯಿ’ ಅಂತ ಬರೆದು ಪಟ್ಟಿಯಿಂದ ಅಳಿಸಿದೆ. ಮೂರು ವರ್ಷದಿಂದ ಇದೇ. ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ.

ಏಪ್ರಿಲ್ 10
ಪಾವಿಯಾ ಸ್ಲೆಡ್‌ಗೆ ನಾಯಿ ಕಟ್ಟಿಕೊಂಡು ಹೊರಟ. ಹೆಪ್ಪುಗಟ್ಟಿದ ಕೊಲ್ಲಿಯ ತುದಿಗೆ, ಬೆಟ್ಟದ ಬುಡಕ್ಕೆ, ಮೀನಿಗೆ ಗಾಳ ಹಾಕಲು. ಐದು ದಿನ.
“ಅಕ್ಕಾ, ನಾನಿಲ್ಲ ಅಂತ ನಿನ್ ಮಷೀನು ಅತ್ತೀತು, ನೋಡ್ಕೋ.”
“ನಿನ್ ಕಾಟ ತಪ್ತು ಅಂತ ನಿದ್ದೆ ಮಾಡತ್ತೆ. ಕಾಫಿ ಡಬ್ಬ ಮರ್ತೀಯ, ತಗೊಂಡ್ ಹೋಗು.”

ಏಪ್ರಿಲ್ 13
ಹಲ್ಲುನೋವು. ಮೂರು ದಿನದ್ದು ಒಟ್ಟಿಗೇ ಮುಗಿಸಿದೆ. ಹಿಮನದಿ ಏಳು. ನಾಯಿ ಮೂರು. ನಾಯಿಯದ್ದು ಅಳಿಸಿ ಕೇಂದ್ರಕ್ಕೆ ಪಟ್ಟಿ ಕಳಿಸಿದೆ.

ಏಪ್ರಿಲ್ 14, ಮಧ್ಯಾಹ್ನ 2:40
ಶೆಡ್ಡಿನ ಹಿಂದೆ ಹೋಗಿದ್ದೆ. ಸರಪಳಿಗಳು ಹಿಮದಲ್ಲಿ ಹೂತಿವೆ. ಒಂದೂ ಹೆಜ್ಜೆಗುರುತಿಲ್ಲ. ನಾಯಿಗಳೇ ಇಲ್ಲ... ‘ನಾಯಿ ಮೂರು’ ಅಂತ ಬರೆದವಳು ನಾನು. ಬುದ್ಧಿಗೆ ಏನು ಮಂಕು ಬಡಿದಿತ್ತು.
ಅಳಿಸಿದ ಮೂರು ಗೆರೆಗಳನ್ನು ವಾಪಸ್ ತೆಗೆದೆ. ಚೂಪು. ದಿನದಿಂದ ದಿನಕ್ಕೆ ದೊಡ್ಡದು. ಸಂಜೆ ನಾಲ್ಕು—ಬಿಸಿಲಿಗೆ ಕರಗಿದ ನೀರು ಬಂಡೆಯ ಬಿರುಕಿಗೆ ಇಳಿಯುವ ಹೊತ್ತು. ಅಕ್ಕಪಕ್ಕದ ಎರಡು ಊರುಗಳ ಮಾಪಕಗಳ ಜೊತೆ ತಾಳೆ ನೋಡಿದೆ. ಜರುಗುತ್ತಿರುವುದು ಪಾವಿಯಾ ಬುಡದಲ್ಲಿ ಕೂತಿರುವ ಬೆಟ್ಟವೇ.

3:05
ರೇಡಿಯೋದಲ್ಲಿ ಸಿಕ್ಕಿದ.
“ಗಾಳ ಅಲ್ಲೇ ಬಿಟ್ಟು ಹೊರಡು. ಬೆಟ್ಟ ಜರೀತಿದೆ.”
“ಹಿಮನದಿ ಮುರ್ದಿರತ್ತೆ ಬಿಡಕ್ಕ. ದಿನಾ ನೀನೇ ಹೇಳಲ್ವಾ?”
“ತಪ್ಪು ನಂದು ಕಣೋ. ನಿನ್ ನಾಯಿ ಅಂತ ಅಳಿಸ್ಬಿಟ್ಟೆ.”
“ನಿನ್ನೆಯಿಂದ ಮೇಲಿಂದ ಸಣ್ಣ ಕಲ್ಲು ಉದುರ್ತಿವೆ ಅಕ್ಕಾ. ನಾಯಿ ಕಟ್ತೀನಿ.”

3:50
ಅವನು ಊರು ಮುಟ್ಟಲು ಒಂದು ಗಂಟೆಯಾದರೂ ಬೇಕು. ಈಗ ರೇಡಿಯೋದಲ್ಲಿ ಸಿಗುತ್ತಿಲ್ಲ. ಬೆಟ್ಟ ಕೊಲ್ಲಿಗೆ ಬಿದ್ದರೆ ಅಲೆ ಬಂದೀತೆಂದು ನಾನು ಹೇಳಿದ ಮೇಲೆ ಎಲ್ಲರೂ ಮೇಲಿನ ಚರ್ಚಿಗೆ ಹೋದರು. ನಾನು ಹೋಗಲಿಲ್ಲ. ಹೇಗೆ ಹೋಗಲಿ.

4:02
ಗೆರೆ ಎದ್ದಿತು. ಇಳಿಯುತ್ತಲೇ ಇಲ್ಲ. ‘ಬೆಟ್ಟ’ ಅಂತ ಬರೆದೆ.
ಹೊರಗೆ ನಾಯಿಗಳು ಬೊಗಳುತ್ತಿವೆ. ಊರಲ್ಲಿ ಬೇರೆಯವರ ನಾಯಿಗಳೂ ಇವೆ, ಗೊತ್ತು. ಈ ಸಲ ಕಣ್ಣಾರೆ ನೋಡದೆ ಏನೂ ಬರೆಯುವುದಿಲ್ಲ. ಕಿಟಕಿಗೆ ಹೋಗಿ ಪಾವಿಯಾನವೇ ಅಂತ ನೋಡಿ ಬಂದು ಬರೆಯುತ್ತೇನೆ.