ಕಪ್ಪೆ ನೋಡುವ ಕಾಲ

ಮೊಮ್ಮಗಳೇ,

ಬೇಸಿಗೆ ರಜೆಗೆ ಇಲ್ಲಿಗೆ ಕಪ್ಪೆ ನೋಡಲು ಬರುತ್ತೇನೆಂದು ಪ್ರಾಣ ತಿಂದೆಯಲ್ಲ, ಬೇಡ. ಬರುವುದಾದರೆ ಮಳೆಗಾಲದಲ್ಲಿ ಬಾ. ನಾನು ಟೈಲ್ಸ್ ಹಾಕುತ್ತಿರುವ ಈಜುಕೊಳ ಕಳೆದ ಮಳೆಗಾಲದಲ್ಲಿ ಅರ್ಧ ತುಂಬಿತ್ತು. ಅಂಚಿನುದ್ದಕ್ಕೂ ಗೊಂಕರುಗಪ್ಪೆಗಳು ಕೂತು ಗಂಟಲು ಉಬ್ಬಿಸುತ್ತಿದ್ದವು, ಒಂದಕ್ಕೂ ದನಿಯಿಲ್ಲ. ನನ್ನ ಕಿವಿಯೇ ಹೋಯಿತೆಂದು ಹೆದರಿದೆ. ಕೊಳದ ಕಾವಲುಗಾರ ನಕ್ಕ.

"ಇವು ಕೂಗೋದು ಬೇಸಿಗೇಲಿ, ಯಜಮಾನ್ರೇ."

"ಬೇಸಿಗೇಲಿ ಕಪ್ಪೆ ಎಲ್ಲಯ್ಯಾ ಇರುತ್ತೆ, ನಿನ್ನ ತಲೇಲಾ?"

"ಕಪ್ಪೆ ಇರಲ್ಲ. ಕೂಗು ಇರುತ್ತೆ."

ತಲೆಹರಟೆ ಎಂದು ಬೈದು ಅಟ್ಟಿದೆ. ಈಗ ಕೊಳ ಒಣಗಿ ಬಿರುಕು ಬಿಟ್ಟಿದೆ. ಇವತ್ತು ತಳಕ್ಕೆ ಟೈಲ್ಸ್ ಕೂರಿಸಿ, ಎಲ್ಲಾದರೂ ಟೊಳ್ಳಿದೆಯೋ ಎಂದು ಗಾರೆ ಬಳಿಯುವ ತಾಪಿಯ ಹಿಡಿಯಿಂದ ತಟ್ಟಿದೆ. ಅಡಿಯಿಂದ 'ವಟರ್' ಎಂದಿತು. ಪಕ್ಕದ್ದಕ್ಕೆ ತಟ್ಟಿದೆ, ಅಲ್ಲೂ 'ವಟರ್'. ಕಿತ್ತು ನೋಡಿದರೆ ಬರೀ ಹಸಿ ಸಿಮೆಂಟು.

ಮಂಡಿನೋವು ಬಿಟ್ಟರೆ ಆರೋಗ್ಯ ನೆಟ್ಟಗಿದೆ, ಕಿವಿಯೂ ನೆಟ್ಟಗಿದೆ. ನೀನು ತೆಗೆಸಿರುವ ಟಿಕೆಟ್ಟನ್ನು ತೆಪ್ಪಗೆ ವಾಪಸ್ ಮಾಡು, ಎದುರು ಮಾತಾಡಬೇಡ. ಈ ಕಾರ್ಡನ್ನು ಅಂಚೆ ಡಬ್ಬಿಗೆ ಹಾಕಲು ಈಗಷ್ಟೇ ಕಾವಲುಗಾರ ಬಂದು ಬಾಗಿಲು ತಟ್ಟಿದ. ನಾನು ಓಗೊಡುವ ಮೊದಲೇ ನನ್ನ ಕೋಣೆಯ ನೆಲ ಓಗೊಟ್ಟಿತು.

ನಿನ್ನ ತಾತ