ಒಂಬತ್ತು ಮನೆಯ ನಿದ್ದೆ, ಒಬ್ಬನ ಕೆಂಪು ಕಾರ್ಡು

ಮೆದುಳಿನ ಆರೋಗ್ಯ ಶಿಬಿರ ನಡೆಸಿದ ಮಾನ್ಯ ಆರೋಗ್ಯಾಧಿಕಾರಿಗಳೇ,

ಕಳೆದ ತಿಂಗಳು, ನೆನಪು ಕುಂದಿದೆಯೆಂದು ತಾವು ನನಗೆ ದಯಪಾಲಿಸಿದ ಕೆಂಪು ಕಾರ್ಡನ್ನು ವಾಪಸು ಪಡೆಯಬೇಕು; ಆಗದಿದ್ದರೆ ಅದರಲ್ಲಿ ಅರ್ಧ ಪಾಲನ್ನಾದರೂ ತಾವು ಹೊರಬೇಕು. ‘ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್’ ಎಂದು ಅರ್ಜಿ ಶುರುಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಆಮೇಲೆ ಏನು ಬರೆಯಬೇಕೆಂಬುದು ಮರೆತಿದೆ. ಇದನ್ನೂ ಕಾರ್ಡಿಗೆ ಸೇರಿಸಬೇಡಿ, ಅದು ಇಪ್ಪತ್ತನೇ ವಯಸ್ಸಿಗೇ ಮರೆತಿತ್ತು.

ತಮ್ಮ ಕರಪತ್ರವನ್ನು ಎರಡು ಸಲ ಓದಿದ್ದೇನೆ. ದೊಡ್ಡವರಿಗೆ ಏಳೆಂಟು ಗಂಟೆ ನಿದ್ದೆ ಬೇಕು, ಕಡಿಮೆಯಾದರೆ ನೆನಪು ಮಂಕಾಗುತ್ತದೆ, ವಿಪರೀತ ಹೆಚ್ಚಾದರೂ ಒಳ್ಳೆಯ ಲಕ್ಷಣವಲ್ಲ. ಒಪ್ಪಿದೆ. ಶಿಬಿರದಲ್ಲಿ ತಮ್ಮ ದಾದಿ ಐದು ಪದ ಹೇಳಿ, ಅದೂ ಇದೂ ಮಾತಾಡಿಸಿ, ಮತ್ತೆ ಕೇಳಿದಳು. ಸೂಜಿ ಬಂತು, ಏಣಿ ಬಂತು. ಮೂರನೆಯದಕ್ಕೆ ನಾನು ‘ನಲ್ಲಿ’ ಎಂದೆ. “ತಾತ, ನಲ್ಲಿ ನಾನು ಹೇಳೇ ಇಲ್ಲ” ಅಂದಳು. “ನೀನು ಹೇಳಲಿಲ್ಲಮ್ಮ, ನನ್ನ ತಲೇಲಿ ಅದೇ ಕೂತಿದೆ” ಅಂದೆ. ನಕ್ಕಳು. ನಗುತ್ತಲೇ ಕೆಂಪು ಕಾರ್ಡು ಬರೆದಳು.

ನಲ್ಲಿ ಏಕೆ ಕೂತಿದೆ ಎಂದು ಆ ನಮೂನೆಯಲ್ಲಿ ಕೇಳುವ ಜಾಗವಿರಲಿಲ್ಲ. ಈಗ ಹೇಳುತ್ತೇನೆ. ಸ್ವಾಮಿ, ತಮ್ಮ ಕೋಣೆಯ ಕೆಳಗಿನ ಮಹಡಿಯಲ್ಲೇ ನೀರು ಸರಬರಾಜು ವಿಭಾಗವಿದೆ. ಆ ಮಹಾನುಭಾವರು ನಮ್ಮ ಬೀದಿಗೆ ದಿನ ಬಿಟ್ಟು ದಿನ ನೀರು ಬಿಡುವುದು ಬೆಳಗಿನ ಜಾವ ಮೂರೂವರೆಗೆ. ನಲ್ಲಿ ತೆರೆದಿಟ್ಟು ಮಲಗೋಣವೆಂದರೆ ತೊಟ್ಟಿ ತುಂಬಿ ಬೀದಿಗೆ ಹರಿಯುತ್ತದೆ; ಹರಿದರೆ ದಂಡ. ಮುಚ್ಚಿ ಮಲಗಿದರೆ ಎರಡು ದಿನ ಸ್ನಾನವಿಲ್ಲ. ಮೇಲ್ಮಹಡಿ ‘ಮಲಗಿ’ ಎನ್ನುತ್ತದೆ, ಕೆಳಮಹಡಿ ‘ಏಳಿ’ ಎನ್ನುತ್ತದೆ. ನಡುವೆ ಇರುವುದು ಹದಿನಾಲ್ಕು ಮೆಟ್ಟಿಲು. ತಾವು ಒಂದು ದಿನವಾದರೂ ಇಳಿದು ಮಾತಾಡಿದ್ದೀರಾ?

ಇದಕ್ಕೆ ನಮ್ಮ ಬೀದಿಯವರು ಕಂಡುಕೊಂಡ ಪರಿಹಾರ ನಾನು. ನನ್ನವಳು ಹೋದ ಮೇಲೆ ನನಗೆ ಹೇಗೂ ನಿದ್ದೆ ತೆಳುವಾಗಿತ್ತು. ಎಚ್ಚರವಾಗಿರುವವನಿಗೆ ಏಳುವ ಕೆಲಸವೇನು ಭಾರ ಎಂದು ನಾನೇ ಮುಂದಾಗಿ ಒಪ್ಪಿಕೊಂಡೆ. ಎಂಟು ಮನೆಯವರು ತಮ್ಮ ಗೇಟಿನ ಕೀಲಿ ಕೊಟ್ಟರು, ಒಂಬತ್ತನೆಯದು ನಮ್ಮದೇ. ಒಂದೊಂದಾಗಿ ತೆರೆಯುವುದು, ತುಂಬಿದಂತೆ ಮುಚ್ಚುವುದು. ಮುಗಿಯುವಷ್ಟರಲ್ಲಿ ಐದೂವರೆ. ಮೊದಮೊದಲು ಪಕ್ಕದ ಮನೆಯ ದರ್ಜಿ, “ಅಣ್ಣಾ, ನೀವಿದ್ದೀರಿ ಅಂತ ನಾವು ಕಾಲು ಚಾಚಿ ಮಲಗ್ತೀವಿ” ಎಂದಾಗ ಎದೆ ಉಬ್ಬಿತ್ತು. ಎದೆ ಉಬ್ಬಿದವನಿಗೆ ತಲೆ ಖಾಲಿಯಾಗುವುದು ಗೊತ್ತಾಗಲಿಲ್ಲ. ಮೂರು ವರ್ಷವಾಯಿತು. ಅದೇ ಶಿಬಿರದಲ್ಲಿ ಬೀದಿಯವರಿಗೆಲ್ಲ ಹಸಿರು ಕಾರ್ಡು. ದರ್ಜಿ ಐದೂ ಪದವನ್ನು ಹಿಂದಿನಿಂದ ಮುಂದಕ್ಕೂ ಹೇಳಿದನಂತೆ! ಹೇಳದೆ ಏನು, ಅವನು ಮಲಗಿದ್ದು ನನ್ನ ನಿದ್ದೆ.

ಇನ್ನೊಂದು ಮಾತು. ಸಂಕೋಚದಿಂದಲೇ ಹೇಳುತ್ತೇನೆ. ಆ ಎಂಟು ಕೀಲಿಗಳಲ್ಲಿ ಹಸಿರು ದಾರ ಕಟ್ಟಿದ್ದು ಮೂಲೆಮನೆಯದು. ಮೂಲೆಮನೆ ಯಾರದೆಂದು ತಮಗೆ ಬಿಡಿಸಿ ಹೇಳಬೇಕೇ? ಶಿಬಿರದ ವೇದಿಕೆಯಲ್ಲಿ ನಿಂತು, “ನಾನು ಎಷ್ಟೇ ಕೆಲಸವಿರಲಿ, ಏಳು ಗಂಟೆ ನಿದ್ದೆ ಬಿಡುವುದಿಲ್ಲ, ಎಲ್ಲಾ ಶಿಸ್ತು” ಎಂದಿರಲ್ಲ, ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಆ ಶಿಸ್ತು ಚಪ್ಪಲಿ ಮೆಟ್ಟಿಕೊಂಡು, ಟಾರ್ಚ್ ಹಿಡಿದು ತಮ್ಮ ಗೇಟಿನೊಳಗೆ ಬರುವುದನ್ನು ತಾವು ನೋಡಿಲ್ಲ. ಮಲಗಿರುತ್ತೀರಿ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಕಾರ್ಡು ಮನೆಗೆ ಬಂತು, ಸೊಸೆ ನೋಡಿದಳು. ಒಳ್ಳೆಯ ಹುಡುಗಿ, ಅದೇ ಕಷ್ಟ.

“ಮಾವ, ಬೇಜಾರು ಮಾಡ್ಕೋಬೇಡಿ. ನಾಳೆಯಿಂದ ಪುಟ್ಟೀನ ಸ್ಕೂಲಿಂದ ನಾನೇ ಕರ್ಕೊಂಡು ಬರ್ತೀನಿ.”

“ಯಾಕಮ್ಮ, ನಾನೇನು ಯಾವತ್ತಾದ್ರೂ ಬೇರೆಯವರ ಮಗೂನ ಕರ್ಕೊಂಡು ಬಂದಿದ್ದೀನಾ?”

“ಎರಡು ಸಿಗ್ನಲ್ ದಾಟಬೇಕಲ್ಲ ಮಾವ. ಕಾರ್ಡಲ್ಲಿ ಬರೆದಿದ್ದಾರೆ, ಜೊತೆಗೊಬ್ಬರು ಇರಬೇಕು ಅಂತ.”

“ಪುಟ್ಟಿ ಇರ್ತಾಳಲ್ಲ ಜೊತೆಗೆ!”

ಮಗ ಕೆಮ್ಮಿದ. ಸೊಸೆ ನಗಲಿಲ್ಲ. ಅವಳು ಈಗ ಮಧ್ಯಾಹ್ನ ಕೆಲಸದಿಂದ ಒಂದು ಗಂಟೆ ಬೇಗ ಬರಲು ಮೇಲಧಿಕಾರಿಯ ಮುಂದೆ ನಿಂತು ಗೋಗರೆಯುತ್ತಾಳೆ. ನಾನು ಆ ಹೊತ್ತಿಗೆ ಬಾಗಿಲಲ್ಲಿ ಕೂತಿರುತ್ತೇನೆ. ಮೊಮ್ಮಗಳು ದಾರಿಯುದ್ದಕ್ಕೂ ನನಗೆ ಹೇಳುತ್ತಿದ್ದ ಚಾಡಿಗಳೆಲ್ಲ ಮನೆ ಸೇರುವ ಹೊತ್ತಿಗೆ ಖರ್ಚಾಗಿರುತ್ತವೆ. “ಅಮ್ಮಂಗೆ ಹೇಳಾಯ್ತು ತಾತ” ಅನ್ನುತ್ತಾಳೆ.

ತಮ್ಮನ್ನು ಗೇಲಿ ಮಾಡುತ್ತಾ ಒಂದನ್ನು ಮುಚ್ಚಿಡುವುದು ನ್ಯಾಯವಲ್ಲ. ಹೋದ ವಾರ ಒಂದು ಗೇಟಿನ ಮುಂದೆ ನಿಂತು, ತೆರೆಯಲು ಬಂದೆನೋ ಮುಚ್ಚಲು ಬಂದೆನೋ ತಿಳಿಯದೆ ಒಂದು ಕ್ಷಣ ನಿಂತೇ ಇದ್ದೆ. ಹೆದರಿದೆ. ಕಾಲೇಜಿನಲ್ಲಿ ತರ್ಕಶಾಸ್ತ್ರದ ಮೇಷ್ಟ್ರು ‘ಕಾಸ್ ಅಂಡ್ ಎಫೆಕ್ಟ್, ಕಾರಣ ಮತ್ತು ಪರಿಣಾಮ’ ಎಂದು ಮೇಜು ಗುದ್ದುತ್ತಿದ್ದರು. ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಆಗಲೂ ನನ್ನ ತಲೆಗೆ ಹತ್ತಲಿಲ್ಲ. ನಿದ್ದೆಗೆಟ್ಟು ತಲೆ ಕೆಡುತ್ತಿದೆಯೋ, ತಲೆ ಕೆಡುತ್ತಿರುವುದಕ್ಕೆ ನಿದ್ದೆ ಬರುತ್ತಿಲ್ಲವೋ? ಕೆಲವರಲ್ಲಿ ಹಾಗೆ, ಕೆಲವರಲ್ಲಿ ಹೀಗೆ ಎಂದು ತಮ್ಮ ಕರಪತ್ರವೇ ಜಾರಿಕೊಳ್ಳುತ್ತದೆ. ಹಾಗಿದ್ದ ಮೇಲೆ ಐದು ಪದಕ್ಕೆ ತೀರ್ಪು ಬರೆದಿದ್ದು ಹೇಗೆ?

ಆದ್ದರಿಂದ ನನ್ನ ಬೇಡಿಕೆ. ಹದಿನಾಲ್ಕು ಮೆಟ್ಟಿಲು ಇಳಿಯಿರಿ, ನೀರನ್ನು ಬೆಳಿಗ್ಗೆ ಆರಕ್ಕೆ ಬಿಡಿಸಿ. ನನಗೆ ಒಂದು ತಿಂಗಳು ಮಲಗಲು ಕೊಟ್ಟು ಮತ್ತೆ ಪರೀಕ್ಷೆ ಮಾಡಿ, ಸೊಸೆಯ ಎದುರಿಗೇ. ಆಗಲೂ ತಪ್ಪಿದರೆ ಪುಟ್ಟಿಯ ಬ್ಯಾಗನ್ನು ನಾನೇ ಸೊಸೆಯ ಕೈಗಿಡುತ್ತೇನೆ, ತಕರಾರಿಲ್ಲ. ಆದರೆ ಸರಿಯಾಗಿ ಮಲಗದೆ ಮಾತ್ರ ಸೋಲೊಪ್ಪಲಾರೆ. ಎಂಟೂ ಕೀಲಿಗಳನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ನಾಳೆ ನಮ್ಮ ಬೀದಿಗೆ ನೀರಿನ ಸರದಿ. ನಾನು ಮಲಗಿರುತ್ತೇನೆ.

ಇಂತಿ, ಆಕಳಿಸುತ್ತಲೇ ಸಹಿ ಮಾಡಿದ,
ಯುವರ್ಸ್ ಮೋಸ್ಟ್ ಒಬೀಡಿಯೆಂಟ್
ಕೆಂಪು ಕಾರ್ಡಿನ ತಾತ