ಮುಂದಿನ ಬ್ರೇಕು ಮೆತ್ತಗಾದ ವಿಚಾರ

ಪ್ರೀತಿಯ ಭಾವ,

ನಿನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಗೊಬ್ಬರದ ಚೀಲಕ್ಕೆ ಒರಗಿ ಕೂತವನಿಗೆ ಜೋಂಪು ಹತ್ತಿತು. ನೀವು ಬಂದಿರಿ. ಬಂದಿರಿ ಅನ್ನುವುದಕ್ಕಿಂತ ಅಲ್ಲೇ ಇದ್ದಿರಿ ಅನ್ನಬೇಕು. ನನ್ನ ಬೈಕಿನ ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೈಯಲ್ಲಿ ಆ ಗ್ಲೂಕೋಸ್ ಪೈಪು ಹಿಡಿದು, ತಲೆ ಎತ್ತದೆ "ಒತ್ತು" ಅಂದಿರಿ. ನಾನು ಒತ್ತಿದೆ. ಪೈಪಿನಲ್ಲಿ ಒಂದೇ ಒಂದು ಗುಳ್ಳೆ ಮೇಲಕ್ಕೆ ಹೊರಟಿತು. ನೀವೂ ನೋಡುತ್ತಿದ್ದಿರಿ, ನಾನೂ ನೋಡುತ್ತಿದ್ದೆ. ಅದು ಏರುತ್ತಲೇ ಇತ್ತು, ಏರುತ್ತಲೇ... ಅಷ್ಟರಲ್ಲಿ ಯಾರೋ ಯೂರಿಯಾ ಇದೆಯೇನ್ರೀ ಅಂತ ಕೇಳಿದರು, ಎಚ್ಚರವಾಯಿತು. ಬದುಕಿದ್ದಿದ್ದರೆ ನೀವು, ಕನಸಿನಲ್ಲೂ ಪುಕ್ಕಟೆ ಕೆಲಸ ಮಾಡಿಸ್ತೀಯಲ್ಲ ಮಾರಾಯ ಅನ್ನುತ್ತಿದ್ದಿರಿ.

ಆ ಬೈಕನ್ನು ಮೊದಲ ಸಲ ಸೊರಬಕ್ಕೆ ತಂದ ದಿನ ನೆನಪಿದೆಯೇ? ಚಿಕ್ಕಮಗಳೂರು ಕಡೆಯ ಒಬ್ಬ ಕಾಫಿ ಸಾಹುಕಾರರ ಮನೆಯಲ್ಲಿ ಮೂಲೆ ಸೇರಿದ್ದ ಫಾರಿನ್ ಗಾಡಿ. ಮಣ್ಣಿನಲ್ಲಿ, ದಿಬ್ಬದ ಮೇಲೆ ಹಾರಿಸುತ್ತ ಓಡಿಸುವುದಕ್ಕೆಂದೇ ಮಾಡಿದ್ದು. ಟೆಂಪೋದಲ್ಲಿ ಹೇರಿಕೊಂಡು ಬಸ್‌ಸ್ಟ್ಯಾಂಡಿನ ಹಿಂದಿನ ನಿಮ್ಮ ಶೆಡ್ಡಿಗೆ ತಂದು ಇಳಿಸಿದೆ. ಪಂಪ್‌ಸೆಟ್ಟು, ಪವರ್ ಟಿಲ್ಲರ್ ರಿಪೇರಿ ಮಾಡುವವರು ನೀವು. ಹುಡುಗರು ತರುವ ಬೈಕುಗಳಿಗೂ ಆಗ ತಾನೇ ಕೈ ಹಾಕಲು ಶುರು ಮಾಡಿದ್ದಿರಿ. ಸಂತೆಯಲ್ಲಿ ಹೋರಿ ನೋಡುವವರ ಹಾಗೆ ಗಾಡಿಗೆ ಮೂರು ಸುತ್ತು ಬಂದಿರಿ. ಹೆಡ್‌ಲೈಟಿಲ್ಲ, ಹಾರ್ನಿಲ್ಲ, ಇದನ್ನು ಗಾಡಿ ಅಂತ ಮಾರಿದವನು ಜಾಣ, ತಗೊಂಡವನು... ಅಂತ ಮಾತು ಅಲ್ಲಿಗೇ ಬಿಟ್ಟು ನನ್ನ ಮುಖ ನೋಡಿದಿರಿ. ನಿಮಗೆ ಬುತ್ತಿ ತಂದಿದ್ದ ಅಕ್ಕ ಬಾಗಿಲಲ್ಲೇ ನಿಂತು, ಬಿದ್ದರೆ ಏನು ಗತಿ ಅಂತ ಕೇಳಿದಳು. ನಾವಿಬ್ಬರೂ ನಕ್ಕೆವು. ಆ ನಗುವಿಗೆ ಈಗ ನಾಚಿಕೆಯಾಗುತ್ತದೆ.

ಗಾಡಿಗೆ ಇದ್ದದ್ದು ಒಂದೇ ರೋಗ. ಮುಂದಿನ ಬ್ರೇಕಿನ ಲಿವರ್ ಹಿಡಿದರೆ ನೆನೆದ ಸ್ಪಂಜು ಹಿಂಡಿದ ಹಾಗೆ ಮೆತ್ತಗೆ ಹಿಡಿಕೆಯವರೆಗೂ ಬಂದುಬಿಡುತ್ತಿತ್ತು. ದ್ವಿಚಕ್ರದ ಗಾಡಿಯಲ್ಲಿ ಆಯಿಲ್ ಬ್ರೇಕನ್ನು ನೀವು ಅದುವರೆಗೆ ಕಂಡವರಲ್ಲ, ಆದರೂ ಬೆದರಲಿಲ್ಲ. ಜೀಪಿನ ಬ್ರೇಕೂ ಇದೂ ಒಂದೇ ಜಾತಿ ಅಂದಿರಿ. ಆಯಿಲನ್ನು ಹಿಂಡಲು ಯಾರಿಂದಲೂ ಆಗುವುದಿಲ್ಲ, ಗಾಳಿಯನ್ನು ಮಗುವೂ ಹಿಂಡುತ್ತದೆ. ಆಯಿಲಿನ ದಾರಿಯಲ್ಲಿ ಗಾಳಿ ಹೊಕ್ಕರೆ ನಿನ್ನ ಕೈಯ ಬಲವೆಲ್ಲ ಗಾಳಿ ಹಿಂಡುವುದಕ್ಕೇ ಖರ್ಚು, ಚಕ್ರಕ್ಕೆ ಏನೂ ಉಳಿಯುವುದಿಲ್ಲ ಅಂತ ಬಿಡಿಸಿ ಹೇಳಿದಿರಿ. ನನಗೆ ಇಷ್ಟು ಚೆನ್ನಾಗಿ ಯಾವ ಮೇಷ್ಟ್ರೂ ಪಾಠ ಹೇಳಿರಲಿಲ್ಲ.

ಆ ಮಧ್ಯಾಹ್ನ ನನ್ನ ಮಟ್ಟಿಗೆ ಇನ್ನೂ ಮುಗಿದಿಲ್ಲ ಭಾವ. ತಗಡಿನ ತೂತಿನಿಂದ ಬಿಸಿಲಿನ ಕೋಲು ಇಳಿದಿತ್ತು. ಆಸ್ಪತ್ರೆಯವರು ಬಿಸಾಡಿದ ಗ್ಲೂಕೋಸ್ ಪೈಪನ್ನು ತೊಳೆದು ಚಕ್ರದ ಹತ್ತಿರ ಗಾಳಿ ಬಿಡಲೆಂದೇ ಇರುವ ನಿಪ್ಪಲ್ಲಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಆಯಿಲ್ ತುಂಬಿದ ಸೀಸೆಯಲ್ಲಿ ಅದ್ದಿದಿರಿ. ಒತ್ತು ಅಂದರೆ ನಾನು ಲಿವರ್ ಒತ್ತುವುದು, ಹಿಡಿ ಅಂದರೆ ಹಾಗೇ ಹಿಡಿದಿರುವುದು. ನೀವು ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ, ಬಿಗಿದು, ಬಿಡು ಅನ್ನುವುದು. ಒತ್ತು, ಹಿಡಿ, ಬಿಡು. ನಡುನಡುವೆ ಸ್ಪ್ಯಾನರಿನ ಹಿಡಿಯಿಂದ ಬ್ರೇಕಿನ ಪೈಪನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಬಡಿಯುತ್ತಿದ್ದಿರಿ, ಮಗುವಿನ ಬೆನ್ನು ತಟ್ಟಿ ತೇಗಿಸುವ ಹಾಗೆ. ಗುಳ್ಳೆಗಳು ಮೊದಲು ಗುಂಪಾಗಿ ಬಂದವು, ಆಮೇಲೆ ಒಂದೊಂದಾಗಿ, ಆಮೇಲೆ ಇಲ್ಲವೇ ಇಲ್ಲ. ಲಿವರ್ ಕಲ್ಲಿನಂತೆ ಗಟ್ಟಿಯಾಯಿತು. ನಿಮ್ಮ ಮುಖದಲ್ಲಿ ಬಂದ ಆ ಬೆಳಕನ್ನು ಹೇಗೆ ಬರೆಯಲಿ? ಬರೆಯಲು ಹೋದರೆ ಬರೀ ಬಿಸಿಲು ಅಂತಾಗುತ್ತದೆ.

ರೇಸಿನ ಹಿಂದಿನ ಸಂಜೆ ಗಾಡಿ ನಿಮ್ಮ ಮನೆಯ ಅಂಗಳದಲ್ಲಿ ನಿಲ್ಲುತ್ತಿತ್ತು. ಅಕ್ಕ ಪೂಜೆ ಮಾಡದೆ ಬಿಡುವವಳಲ್ಲ. ಮೊದಲ ಸಲ ವಿಭೂತಿ ತಟ್ಟೆ ಹಿಡಿದು ಬಂದವಳು ಪೇಚಿಗೆ ಬಿದ್ದಳು. ಹೆಡ್‌ಲೈಟೇ ಇಲ್ಲದ ಗಾಡಿಗೆ ವಿಭೂತಿ ಹಚ್ಚುವುದೆಲ್ಲಿ? ಇದರಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ಅಂತ ನನ್ನನ್ನೇ ಕೇಳಿದಳು. ನಾನು ಹ್ಯಾಂಡಲಿನ ಮೇಲಿದ್ದ ಬ್ರೇಕ್ ಆಯಿಲಿನ ಪುಟ್ಟ ಬಟ್ಟಲು ತೋರಿಸಿ, ನನ್ನ ಜೀವ ಇರುವುದು ಇದರೊಳಗೆ ಅಂದೆ. ನನಗೆ ಎಲ್ಲವೂ ತಮಾಷೆ. ಅವಳು ಅದರ ಮುಚ್ಚಳಕ್ಕೆ ಮೂರು ಬೆರಳು ವಿಭೂತಿ ಎಳೆದು ಕೈ ಮುಗಿದಳು. ನಾನು ಕಾಫಿ ಕುಡಿಯಲು ಒಳಗೆ ಹೋದೆ.

ಜಡೆ ಊರಿನ ಕಡೆಯ ಒಣಗಿದ ಕೆರೆ ಅಂಗಳದಲ್ಲಿ ಆ ಬೇಸಿಗೆ ಮೂರು ರೇಸು ನಡೆದವು. ಮೂರರಲ್ಲೂ ಒಂದೇ ಕತೆ. ನಾಲ್ಕು ಸುತ್ತು ಬ್ರೇಕು ಸರಿಯಿರುವುದು, ಐದನೆಯದರಲ್ಲಿ ಮೆತ್ತಗಾಗುವುದು. ನೀವು ಪೈಪು ಬದಲಿಸಿದಿರಿ. ಶಿವಮೊಗ್ಗದಿಂದ ರಬ್ಬರಿನ ಸಾಮಾನು ತರಿಸಿ ಹಾಕಿದಿರಿ. ಲಿವರನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿ, ಉಳಿದ ಗಾಳಿ ತಾನಾಗಿ ಮೇಲೇರಲಿ ಅಂತ ಕಾದಿರಿ. ರೇಸಿನ ಬೆಳಿಗ್ಗೆ ಹೊರಡುವ ಮುಂಚೆ ಮತ್ತೆ ಹಾಗೇ ಒತ್ತಿಸಿ, ಹಿಡಿಸಿ ಏರ್ ತೆಗೆಯುವುದು ನಿಮ್ಮ ಪದ್ಧತಿ. ಹಳೆಯ ಆಯಿಲ್ ಒಂದಿಷ್ಟು ಕೆಳಗಿಳಿಸಿ, ಬಟ್ಟಲಿಗೆ ಹೊಸದು ಸುರಿಯದೆ ನಿಮಗೆ ಸಮಾಧಾನವಿಲ್ಲ. ಇಷ್ಟಾಗಿಯೂ ಬಯಲಿಗೆ ಹೋದರೆ ಅದೇ ಹಾಡು. ಶೆಡ್ಡಿನಲ್ಲಿ ಹುಲಿ, ಬಯಲಲ್ಲಿ ಇಲಿ ಅಂತ ನಾನು ಹಂಗಿಸಿದೆ. ನೀವು ನಗಲಿಲ್ಲ. ಎಲ್ಲಿ ತಪ್ಪಿದೆ ಅಂತ ನಿಮ್ಮ ಬೆರಳುಗಳನ್ನೇ ನೋಡಿಕೊಂಡಿರಿ.

ಮೂರನೆಯ ರೇಸಿನ ತಿರುವು ನನ್ನ ಕಣ್ಣಿಗೆ ಇನ್ನೂ ಕಟ್ಟಿದ ಹಾಗಿದೆ. ದಿಬ್ಬ ಇಳಿದೆ, ಲಿವರ್ ಹಿಡಿದೆ, ಅದು ಬೆಣ್ಣೆಯಂತೆ ಹಿಡಿಕೆಗೆ ಬಂದು ಅಂಟಿಕೊಂಡಿತು. ಆಮೇಲೆ ಧೂಳು, ಆಕಾಶ, ಮತ್ತೆ ಧೂಳು. ಹೆಗಲ ಮೂಳೆ ಮುರಿದಿತ್ತು. ಓಡಿ ಬಂದು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡವರು ನೀವೇ. ಆ ತೊಡೆಯ ಮೇಲೆ ಮಲಗಿಕೊಂಡೇ, ಸುತ್ತ ನೆರೆದಿದ್ದ ಅಷ್ಟೂ ಹುಡುಗರ ಎದುರಿಗೆ ನಾನು ಹೇಳಿದೆ:

"ಪಂಪ್‌ಸೆಟ್ ಬಿಚ್ಚೋ ಕೈಗೆ ನನ್ನ ಬ್ರೇಕ್ ಕೊಟ್ನಲ್ಲ, ನನ್ನ ಬುದ್ಧಿಗೆ ಮಣ್ಣು ಹಾಕ."

ನಿಮ್ಮ ಕೈ ನನ್ನ ಹಣೆಯ ಮೇಲಿತ್ತು. ತೆಗೆಯಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವ ಗಾದೆಯನ್ನು ಬಾಯಿಪಾಠ ಮಾಡಿದವನು ನಾನು. ಆಡಿದ್ದು ನನಗೆ ಹೋಯಿತು, ಸೊರಬದ ಹುಡುಗರಿಗೆ ಹೋಗಲಿಲ್ಲ. ಒಂದೊಂದೇ ಬೈಕು ನಿಮ್ಮ ಶೆಡ್ಡು ಬಿಟ್ಟು ಬೇರೆ ಕಡೆ ಹೊರಟಿತು. ನೀವು ಮತ್ತೆ ಪಂಪ್‌ಸೆಟ್ಟಿಗೇ ಮರಳಿದಿರಿ. ಅಂಗಡಿ ಕಟ್ಟೆಯಲ್ಲಿ ಯಾರಾದರೂ ಬ್ರೇಕಿನ ಸುದ್ದಿ ತೆಗೆದರೆ, ಅದು ನಂಗೆ ಬಗೆಹರಿಯಲಿಲ್ಲ ಮಾರಾಯ ಅಂತ ನೀವೇ ಒಪ್ಪಿಕೊಳ್ಳುತ್ತಿದ್ದಿರಂತೆ. ನನ್ನನ್ನು ನೋಡಲು ತಾಳಗುಂದದ ನಮ್ಮ ಆಗಿನ ಮನೆಗೆ ಬಂದಾಗ ನಾನು ಗೋಡೆ ಕಡೆ ತಿರುಗಿ ಮಲಗಿದೆ. ನಿದ್ದೆ ಬಂದಿದೆ ಅಂದುಕೊಂಡಿರಾ? ಇಲ್ಲ, ನಿಮಗೆ ಗೊತ್ತಿತ್ತು. ಬೈಕು ಮಾರಿದೆ. ಕ್ರಮೇಣ ನಾವು ಮಾತಾಡಿದೆವು ನಿಜ; ನೀವು ಶಿಕಾರಿಪುರದ ನನ್ನ ಅಂಗಡಿಗೆ ಮೆಕ್ಕೆಜೋಳದ ಬೀಜಕ್ಕೆ ಬರುತ್ತಿದ್ದಿರಿ, ಮಳೆ ಹಿಡಿಯಿತು, ಮಳೆ ಬಿಟ್ಟಿತು ಅನ್ನುತ್ತಿದ್ದೆವು. ಎರಡು ವರ್ಷ ಬರೀ ಮಳೆ. ಹೋದ ಕಾರ್ತೀಕದಲ್ಲಿ ಎದೆನೋವು ಅಂತ ಶೆಡ್ಡಿನಲ್ಲಿ ಕೂತವರು ಏಳಲೇ ಇಲ್ಲ. ಎಸ್‌ಟಿಡಿ ಬೂತಿನವನು ಬಂದು ಸುದ್ದಿ ಹೇಳಿದಾಗ ನನ್ನ ಬಾಯಿಂದ ಮೊದಲು ಬಂದ ಮಾತು, ಇನ್ನೂ ಒಂದು ಮಾತಾಡಬೇಕಿತ್ತಲ್ಲ, ಅಂತ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಈ ಪಂಚಮಿ ಹಬ್ಬಕ್ಕೆ ಅಕ್ಕನನ್ನು ಕರೆದುಕೊಂಡು ಬರಲು ಮೊನ್ನೆ ಸೊರಬಕ್ಕೆ ಹೋಗಿದ್ದೆ. ನೀವಿಲ್ಲದ ಮೊದಲ ಪಂಚಮಿ; ಅಪ್ಪ ಅವ್ವ ಹೋದ ಮೇಲೆ ಅವಳಿಗೆ ತವರು ಅಂದರೆ ನಾನೊಬ್ಬನೇ. ಚೀಲ ಕಟ್ಟಿಟ್ಟಿದ್ದಳು. ಆದರೆ ಎತ್ತಿಕೊಳ್ಳಲಿಲ್ಲ. ಒಂದು ಮಾತು ಹೇಳ್ತೀನಿ, ಕೇಳಿದ ಮೇಲೂ ಕರೆದರೆ ಬರ್ತೀನಿ ಅಂತ ಕಂಬಕ್ಕೆ ಒರಗಿ ಕೂತಳು.

ಆ ಮೂರು ಸಂಜೆಯೂ, ನಾನು ಕಾಫಿಗೆ ಒಳಗೆ ಹೋದ ಮೇಲೆ, ಅವಳು ನಿಮ್ಮ ಸ್ಕ್ರೂಡ್ರೈವರ್ ತಂದು ಆ ಬಟ್ಟಲಿನ ಮುಚ್ಚಳ ಬಿಚ್ಚಿದ್ದಳು. ಮೆಕ್ಯಾನಿಕ್ಕನ ಹೆಂಡತಿ, ನಿಮ್ಮ ಕೈ ನೋಡಿ ನೋಡಿ ಕಲಿತವಳು. ಲಿಂಗಪೂಜೆಯ ತೀರ್ಥ ಒಂದು ಚಮಚ ಒಳಗೆ ಬಿಟ್ಟು, ಮುಚ್ಚಳ ಮೊದಲಿನಂತೆ ಬಿಗಿದು, ಮೇಲೆ ವಿಭೂತಿ ಹಚ್ಚಿದಳು. ತಮ್ಮನ ಜೀವ ಅದರೊಳಗೇ ಇದೆ ಅಂತ ತಮ್ಮನೇ ಹೇಳಿದ್ದನಲ್ಲ? ಬೆಳಿಗ್ಗೆ ನೀವು ಎಂದಿನ ಹಾಗೆ ಏರ್ ತೆಗೆದಿರಿ. ಮೇಲಿದ್ದ ತೀರ್ಥ ಪೈಪಿನಲ್ಲಿ ಇಳಿದು ಚಕ್ರ ಮುಟ್ಟಿತು. ನಾಲ್ಕು ಸುತ್ತಿನಲ್ಲಿ ಬ್ರೇಕು ಕಾದರೆ ಆಯಿಲ್ ತಡೆಯುತ್ತದೆ, ನೀರು ಕುದ್ದು ಆವಿಯಾಗುತ್ತದೆ. ಆವಿಯನ್ನು ಹಿಂಡಲು ಮಗುವಿಗೂ ಆಗುತ್ತದೆ. ನೀವು ಎಷ್ಟು ಜಾಗ್ರತೆ ಮಾಡಿದಿರೋ ಅಷ್ಟು ಬೇಗ ಅದು ಕೆಳಗಿಳಿಯಿತು. ಯಾರನ್ನು ಬೈಯಲಿ ಭಾವ, ಅವಳ ಭಕ್ತಿಯನ್ನೋ, ನಿಮ್ಮ ಕಸುಬನ್ನೋ?

ನಾನು ಬಿದ್ದ ಮಾರನೇ ದಿನ ನೀವು ಗಾಡಿಯ ಆಯಿಲನ್ನು ಒಂದು ಮುಚ್ಚಳಕ್ಕೆ ಬಸಿದು, ಒಳಗೆ ಬಂದು ಅವಳ ಒಲೆಯ ಮೇಲೆ ಇಟ್ಟಿರಂತೆ. ಅದು ಒಗ್ಗರಣೆಯ ಸಾಸಿವೆಯ ಹಾಗೆ ಚಟಪಟ ಸಿಡಿಯಿತಂತೆ. ಇದರಲ್ಲಿ ನೀರು ಐತೆ, ಎಲ್ಲಿಂದ ಬಂತು ಅಂತ ನೀವು ನಿಮಗೇ ಕೇಳಿಕೊಂಡಾಗ ಅವಳ ಕೈಯಿಂದ ಸೌಟು ಬಿತ್ತು. ಎಲ್ಲವನ್ನೂ ಹೇಳಿದಳು. ಈಗಲೇ ಹೋಗಿ ತಮ್ಮನ ಕಾಲು ಹಿಡಿಯುತ್ತೇನೆ ಅಂತ ಎದ್ದಳು. ನೀವು ಒಲೆ ಆರಿಸಿ, ಅವಳನ್ನು ಕೂರಿಸಿ ಹೇಳಿದ್ದನ್ನು ಅವಳು ಒಂದಕ್ಷರ ಬಿಡದೆ ನನಗೆ ಒಪ್ಪಿಸಿದಳು:

"ಅವನಿಗೆ ಹೇಳಬ್ಯಾಡ. ನನ್ನ ಮೇಲೆ ಸಿಟ್ಟಾದ್ರೆ ಅವನಿಗೆ ಒಬ್ಬ ಮೆಕ್ಯಾನಿಕ್ ಹೋದ, ಅಷ್ಟೆ. ನಿನ್ನ ಮೇಲೆ ಸಿಟ್ಟಾದ್ರೆ ನಿಂಗೆ ತವರೇ ಹೋಗ್ತದೆ."

ನನ್ನ ನಾಲಗೆ ಎಂಥದೆಂದು ನಿಮಗೆ ಗೊತ್ತಿತ್ತು. ಅದಕ್ಕೇ ಭಯ. ಅವತ್ತು ಅವಳು ಬಂದು ಹೇಳಿದ್ದರೆ ನಾನು ಏನೆನ್ನುತ್ತಿದ್ದೆ? ಮನೆ ಬಾಗಿಲು ತುಳಿಯಬೇಡ ಅನ್ನುತ್ತಿದ್ದೆನೇ? ಅನ್ನುತ್ತಿದ್ದೆ ಭಾವ. ಸುಳ್ಳು ಯಾಕೆ ಬರೆಯಲಿ, ಖಂಡಿತ ಅನ್ನುತ್ತಿದ್ದೆ. ಕಸುಬಿನವನಿಗೆ ಅವನ ಕೈ ಬಿಟ್ಟರೆ ಬೇರೆ ಏನಿದೆ? ಅದನ್ನೇ ತೆತ್ತು ನೀವು ಅವಳಿಗೊಂದು ಬಾಗಿಲು ಉಳಿಸಿಕೊಟ್ಟಿರಿ. ಅದು ನನ್ನ ಮನೆಯ ಬಾಗಿಲು ಅನ್ನುವುದು ನನಗೇ ತಿಳಿದಿರಲಿಲ್ಲ.

ಅಕ್ಕ ಹೇಳಿ ಮುಗಿಸಿ ನನ್ನನ್ನು ನೋಡುತ್ತ ಕೂತಳು. ನನಗೆ ಸಿಟ್ಟು ಬರಲಿಲ್ಲ. ಬರುತ್ತದೆಂದು ಕಾದೆ, ಬರಲಿಲ್ಲ. ಅಳು ಬಂತು. ಅವಳ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡು, ನಡಿಯಕ್ಕ, ಬಸ್ಸು ತಪ್ಪುತ್ತೆ ಅಂದೆ. ಶಿಕಾರಿಪುರದವರೆಗೂ ಅವಳು ಕಿಟಕಿಗೆ ತಲೆ ಆನಿಸಿ ಮಗುವಿನಂತೆ ನಿದ್ದೆ ಮಾಡಿದಳು. ಎಷ್ಟು ವರ್ಷದ ನಿದ್ದೆಯೋ. ಹೊರಗೆ ಜಿನುಗು ಮಳೆ, ಮೆಕ್ಕೆಜೋಳದ ಹಸಿರು ಸುಮ್ಮನೆ ಹಿಂದೆ ಹಿಂದೆ ತೇಲಿ ಹೋಗುತ್ತಿತ್ತು. ಎದುರು ಸೀಟಿನಲ್ಲಿ ನೀವು ಕೂತಿದ್ದೀರಿ ಅಂತ ಎರಡು ಸಲ ಅನ್ನಿಸಿತು. ಎರಡನೇ ಸಲ ನಾನು ಸ್ವಲ್ಪ ಸರಿದು ಕಾಲಿಗೆ ಜಾಗವನ್ನೂ ಬಿಟ್ಟೆ.

ಈಗ ಅವಳು ಒಳಗೆ ಹಬ್ಬದ ಉಂಡಿಗೆ ಎಳ್ಳು ಹುರಿಯುತ್ತಿದ್ದಾಳೆ. ಹಬ್ಬ ಮುಗಿದ ಮೇಲೆ ಅವಳನ್ನು ಬಿಡಲು ಸೊರಬಕ್ಕೆ ಬರುತ್ತೇನೆ. ಆವತ್ತು ಕೆರೆ ಅಂಗಳದಲ್ಲಿ ನನ್ನ ಮಾತು ಕೇಳಿದವರು ಎಲ್ಲೆಲ್ಲಿದ್ದಾರೋ ಅಲ್ಲಲ್ಲಿಗೆ ಹೋಗಿ, ನಮ್ಮ ಭಾವನ ಕೈಯಲ್ಲಿ ತಪ್ಪಿರಲಿಲ್ಲ, ಬ್ರೇಕಿನೊಳಗೆ ನೀರು ಬಿದ್ದಿತ್ತು ಅಂತ ಒಬ್ಬೊಬ್ಬರಿಗೂ ಹೇಳುತ್ತೇನೆ. ನೀರು ಹಾಕಿದವರು ಯಾರು ಅಂತ ಕೇಳೇ ಕೇಳುತ್ತಾರೆ. ನಾನೇ ಹಾಕಿದೆ, ನನ್ನ ದಡ್ಡತನ ಅನ್ನುತ್ತೇನೆ. ನಗುತ್ತಾರೆ, ನಗಲಿ. ಅಕ್ಕನ ಹೆಸರು ನಿಮ್ಮ ಬಾಯಿಂದ ಬರಲಿಲ್ಲ. ನನ್ನ ಬಾಯಿಂದಲೂ ಬರುವುದಿಲ್ಲ.

ನಿಮ್ಮ ಮೈದುನ